ಎರಡೇ ಸೀಟಿನ ಕಾರು

ಆಮೆ ಮೇಷ್ಟ್ರಿಗೆ ಬಲಗಾಲಿನದೊಂದು ಚಾಳಿಯಿತ್ತು. ಬಸ್ಸಿನಲ್ಲಿ ಕೂತಿರಲಿ, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರಲಿ, ಎದುರಿಗೆ ಏನಾದರೂ ಅಡ್ಡ ಬಂತೆಂದರೆ ಆ ಕಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಸಿನಿಮಾ ಪರದೆಯ ಮೇಲೆ ಲಾರಿ ನುಗ್ಗಿ ಬಂದರೂ ಒತ್ತುತ್ತಿತ್ತು. ನಿದ್ದೆಯಲ್ಲಿ ಒತ್ತಿದಾಗ ಮಾತ್ರ ಪಕ್ಕದಲ್ಲಿದ್ದ ಹೆಂಡತಿಗೆ ಏಟು ಬೀಳುತ್ತಿತ್ತು. "ಇವತ್ತು ಯಾರ ಪ್ರಾಣ ಉಳಿಸಿದ್ರಿ?" ಎಂದು ಆಕೆ ಬೆಳಿಗ್ಗೆ ಮೊಣಕಾಲು ಸವರಿಕೊಳ್ಳುತ್ತ ಕೇಳುತ್ತಿದ್ದಳು.

ಕಸುಬಿನಿಂದ ಬಂದ ಚಾಳಿ ಅದು. ಔಷಧಿ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಹಿಸುಕಿಕೊಂಡಿದ್ದ ಒಂದು ಕೋಣೆಯಲ್ಲಿ ಅವರು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಒಂದು ಮೇಜು, ಅಲುಗಾಡುವ ಕುರ್ಚಿಗಳು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಪಟ. ಬಿಸಿಲು ಬಿದ್ದು ಬಿದ್ದು ಪಟದ ಕೆಂಪೆಲ್ಲ ಗುಲಾಬಿಯಾಗಿತ್ತು. "ಗುಲಾಬಿ ಬೋರ್ಡ್ ಕಂಡ್ರೆ ನಿಲ್ಲಿಸಬೇಕು ಸಾರ್" ಎಂದು ಅವರ ಶಿಷ್ಯರು ಪರೀಕ್ಷೆಯಲ್ಲಿ ಹೇಳಿ ಅಧಿಕಾರಿಗಳನ್ನು ನಗಿಸಿದ್ದುಂಟು. ಹೊರಗೆ ನಿಂತಿದ್ದ ಬಿಳಿಯ ಪುಟ್ಟ ಕಾರಿನಲ್ಲಿ, ಕಲಿಸುವವರು ಕೂರುವ ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕು ಇತ್ತು. ಕಲಿಯುವವರು ದಿಕ್ಕು ತಪ್ಪಿದಾಗ ಒತ್ತುವುದಕ್ಕೆ. ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಮೇಷ್ಟ್ರ ತಲೆ ನರೆತಿತ್ತು.

ಆಮೆ ಎಂಬ ಹೆಸರು ಶಿಷ್ಯರು ಇಟ್ಟದ್ದು. ತಿಂಗಳುಗಟ್ಟಲೆ ಅವರು ಎರಡನೇ ಗೇರು ದಾಟಲು ಬಿಡುತ್ತಿರಲಿಲ್ಲ. ಬೇರೆ ಕಡೆ ಹೋದವರು ಲೈಸೆನ್ಸ್ ತಂದು ಮದುವೆಯಾಗಿ ಮಕ್ಕಳನ್ನು ಶಾಲೆಗೆ ಬಿಡುವಷ್ಟರಲ್ಲಿ ಇವರ ಶಿಷ್ಯ ಇನ್ನೂ ರಿವರ್ಸಿನಲ್ಲಿರುತ್ತಾನೆ ಎಂದು ಊರಿನವರ ತಮಾಷೆ. ಆದರೂ ಹೆಣ್ಣುಮಕ್ಕಳನ್ನು ಜನ ಅವರ ಹತ್ತಿರವೇ ಕಳಿಸುತ್ತಿದ್ದರು. ಆ ಹೆಸರಿಗೆ ಮೇಷ್ಟ್ರು ಬೇಜಾರು ಪಟ್ಟುಕೊಂಡವರಲ್ಲ.

ಅವರಿಗೆ ಸಿಟ್ಟು ಬರುವುದೇ ಕಡಿಮೆ. ಬರುತ್ತಿದ್ದದ್ದು ಹೇಸಿಗೆ. ರಸ್ತೆ ದಾಟಲು ತಡಕಾಡುವ ಮುದುಕಿಯ ಬೆನ್ನಿಗೆ ಯಾರಾದರೂ ಹಾರ್ನ್ ಒತ್ತಿದರೆ, ಓಡುವ ಕಾರಿನ ಕಿಟಕಿಯಿಂದ ಉಗಿದರೆ, ತಿಂದ ಪೊಟ್ಟಣ ಬಿಸಾಡಿದರೆ, ಅನ್ನದಲ್ಲಿ ಕೂದಲು ಸಿಕ್ಕವರ ಹಾಗೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು. "ರಸ್ತೆ ಅಂದ್ರೆ ಎಲ್ರ ಮನೆಯ ಪಡಸಾಲೆ ಕಣ್ರಯ್ಯಾ. ಅಲ್ಲಿ ನಡ್ಕೊಳ್ಳೋ ಹಾಗೆ ಇಲ್ಲಿ ನಡ್ಕೊಳ್ಳಿ" ಎಂಬುದು ಅವರ ಮೊದಲ ಪಾಠ. ಎರಡನೇ ಬ್ರೇಕಿಲ್ಲದ ಗಾಡಿಯಲ್ಲಿ ಕೂತು ಯಾರಿಗೂ ಕಲಿಸುವುದಿಲ್ಲ ಎಂಬುದು ಅವರು ತಮಗೇ ಹಾಕಿಕೊಂಡ ಕಟ್ಟು.

ಅಂಥವರ ಮನೆಯ ಮುಂದೆ ಒಂದು ಭಾನುವಾರ ಆ ಕಾರು ಬಂದು ನಿಂತಿತು.

ಹೆಂಡತಿಯ ತಮ್ಮನದು. ಆತ ಟೈಲ್ಸ್ ವ್ಯಾಪಾರದಿಂದ ಶುರುಮಾಡಿ ಬಡಾವಣೆ ಕಟ್ಟುವವರೆಗೆ ಬೆಳೆದವನು. ಕಡುನೀಲಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಹಾರಲು ಮೈ ಕುಗ್ಗಿಸಿ ಕೂತ ಪ್ರಾಣಿಯ ಹಾಗೆ. ಬಾಮೈದ ಒಂದು ಗುಂಡಿ ಒತ್ತಿದ. ಕಾರಿನ ಛಾವಣಿ ಮೆಲ್ಲನೆ ಎದ್ದು, ಮೂರು ಮಡಿಕೆಯಾಗಿ ಹಿಂದಿನ ಗೂಡಿನೊಳಗೆ ಹೋಗಿ ಮಲಗಿತು. ಒಳಗೆ ಹಾಲಿನ ಕೆನೆಯ ಬಣ್ಣದ ಚರ್ಮದ ಸೀಟುಗಳು. ಎರಡೇ ಎರಡು. ಅಕ್ಕಪಕ್ಕದ ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಬಂದರು. ಬಾಮೈದ ಅವರನ್ನೆಲ್ಲ ಒಮ್ಮೆ ನೋಡಿ, ಯಾರನ್ನೂ ನೋಡದವನ ಹಾಗೆ ಬಾಯಲ್ಲಿದ್ದ ಕಡ್ಡಿಯನ್ನು ರಸ್ತೆಗೆ ಉಗಿದ.

ಅದನ್ನು ಓಡಿಸಿಕೊಂಡು ಬಂದಿದ್ದ ಡ್ರೈವರ್ ಬೀಗದ ಕೈ ಕೊಟ್ಟು ನಡೆದುಕೊಂಡೇ ಹೋದ. ಬಾಮೈದ ಮೇಷ್ಟ್ರನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ.

"ಭಾವ, ಒಂದು ಮಾತು. ಯಾರ ಹತ್ರನೂ ಬಾಯಿ ಬಿಡ್ಬಾರ್ದು."

"ಏನಯ್ಯಾ ಅಂಥಾದ್ದು?"

"ನಂಗೆ ಗಾಡಿ ಓಡಿಸೋಕೆ ಬರಲ್ಲ."

ಮೇಷ್ಟ್ರು ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಕೇಳಿದರು: "ಡ್ರೈವರ್ ಇದ್ದಾನಲ್ಲ?"

"ಅದೇ ಬಂದಿರೋ ಕಷ್ಟ. ಇರೋದು ಎರಡೇ ಸೀಟು. ಅವನು ಓಡಿಸಿದ್ರೆ ನಾನು ಪಕ್ಕದಲ್ಲಿ ಕೂರ್ಬೇಕು. ನೋಡಿದೋರು ಅವನನ್ನ ಯಜಮಾನ ಅಂತಾರೆ, ನನ್ನನ್ನ ಕ್ಲೀನರ್ ಅಂತಾರೆ."

"ಹಾಗಾದ್ರೆ ನಾಲ್ಕು ಸೀಟಿಂದು ತಗೋಬೇಕಿತ್ತು."

"ನಾಲ್ಕು ಸೀಟಿಂದು ಎಲ್ರ ಹತ್ರನೂ ಇದೆ, ಭಾವ."

"ಸರಿ, ನಾಳೆಯಿಂದ ಸ್ಕೂಲಿಗೆ ಬಾ. ಬಿಳಿ ಕಾರಲ್ಲಿ ಕಲಿ."

"ಆ ಡಬ್ಬದಲ್ಲಾ? ತಲೆ ಮೇಲೆ ಬೋರ್ಡ್ ಹೊತ್ಕೊಂಡು? ಊರಿಗೆಲ್ಲ ನನ್ನ ಮಾನ ಹರಾಜು ಹಾಕ್ಬೇಕು ಅಂತಿದೀರಾ? ಕಲಿಸಿದ್ರೆ ಇದರಲ್ಲೇ ಕಲಿಸಿ. ನನ್ನ ಹೊಸ ಬಡಾವಣೆಯ ರಸ್ತೆಯೆಲ್ಲ ಖಾಲಿ ಬಿದ್ದಿದೆ, ಒಂದು ನರಪಿಳ್ಳೆ ಇರಲ್ಲ."

ಆಗುವುದಿಲ್ಲ ಎಂದರು ಮೇಷ್ಟ್ರು. ಬಾಮೈದ ಅಕ್ಕನ ಕಡೆ ನೋಡಿದ. ಅಕ್ಕ ಅಡುಗೆಮನೆಯಿಂದಲೇ ಮಾತು ಬೀಸಿದಳು.

"ನನ್ನ ಆಪರೇಷನ್ ದಿನ ಆಸ್ಪತ್ರೆ ಬಾಗಿಲಲ್ಲಿ ಉಪವಾಸ ಕೂತಿದ್ದೋನು ಅವನು. ನೀವು ಆಗ ಯಾರಿಗೋ ರಿವರ್ಸ್ ಕಲಿಸ್ತಿದ್ರಿ. ಅವನು ಬಾಯಿಬಿಟ್ಟು ಕೇಳ್ತಿರೋದು ಇದೊಂದೇ. ಬೀದಿಯಲ್ಲಿ ಹೋಗೋರಿಗೆಲ್ಲ ಕಲಿಸ್ತೀರಿ, ಮನೆಯವನಿಗೆ ಮಾತ್ರ ನಿಯಮ."

ಆ ಮಾತು ನಿಜವಾಗಿತ್ತು. "ಸುಮ್ಮನೆ ಒಂದು ಸಲ ಕೂತು ನೋಡ್ತೀನಿ, ಅಷ್ಟೇ" ಎಂದು ಹೊರಗೆ ಬಂದರು. ಬಾಮೈದ ಕಾರಿನ ಬಾಗಿಲು ತೆರೆದವನು ಓಡಿಹೋಗಿ ಒಳಗಿನಿಂದ ಒಂದು ಟವೆಲ್ ತಂದು ಸೀಟಿನ ಮೇಲೆ ಹಾಸಿದ.

"ತಪ್ಪು ತಿಳ್ಕೋಬೇಡಿ ಭಾವ. ಸೀಟು ಬಿಳೀದು, ನಿಮ್ಮ ಪ್ಯಾಂಟು..."

ಆಗಲೇ ಎದ್ದುಬಿಡಬೇಕಿತ್ತು. ಮೇಷ್ಟ್ರು ಕೂತರು. ಆ ಸೀಟು ಬೆನ್ನನ್ನು ಹಿಡಿದುಕೊಂಡ ರೀತಿ, ಮಗುವನ್ನು ಎತ್ತಿಕೊಳ್ಳಲು ಕಲಿತ ಕೈ ಹಿಡಿದುಕೊಂಡ ಹಾಗಿತ್ತು. ಇಂಜಿನ್ ಶುರುವಾದಾಗ ಸದ್ದು ಕಿವಿಯಿಂದ ಅಲ್ಲ, ಎದೆಯ ಎಲುಬುಗಳಿಂದ ಒಳಗೆ ಬಂತು. ಬದುಕೆಲ್ಲ ಬೇರೆಯವರ ತಡವರಿಕೆಯ ಪಕ್ಕದಲ್ಲಿ ಕೂತು ಎರಡನೇ ಗೇರಿನಲ್ಲೇ ಕಳೆದವರು ಅವರು. ಆಗಸದ ಕೆಳಗೆ ತಲೆ ಬಿಟ್ಟುಕೊಂಡು ಕೂತು ಮುಖವನ್ನು ಮೇಲಕ್ಕೆತ್ತಿದರು. "ಸರಿ, ನಾಳೆ ಬೆಳಿಗ್ಗೆ" ಎಂದುಬಿಟ್ಟರು. ಹಾಗೆಂದ ದನಿ ತಮ್ಮದೇ ಎಂದು ಅವರಿಗೆ ನಂಬಲಾಗಲಿಲ್ಲ.

ಬಡಾವಣೆಯಲ್ಲಿ ರಸ್ತೆಯಿತ್ತು, ಚರಂಡಿಯಿತ್ತು, ದೀಪದ ಕಂಬಗಳಿದ್ದವು. ಮನೆಗಳು ಮಾತ್ರ ಇರಲಿಲ್ಲ. ಲಾಡ್ಜುಗಳ ಬಟ್ಟೆ ಒಗೆಯುವ ಹೆಂಗಸೊಬ್ಬಳು ಖಾಲಿ ಜಾಗದಲ್ಲಿ ಹಗ್ಗ ಕಟ್ಟಿ ಹಾಸಿಗೆಯ ಬಟ್ಟೆಗಳನ್ನು ಒಣಹಾಕುತ್ತಿದ್ದಳು. ಇನ್ನೂ ಕಟ್ಟದ ಮನೆಗಳ ಗೋಡೆಗಳ ಹಾಗೆ ಆ ಬಿಳಿ ಬಟ್ಟೆಗಳು ಗಾಳಿಗೆ ತೂಗುತ್ತಿದ್ದವು. ಬೆಳಿಗ್ಗೆ ಸೈಕಲ್ಲಿನ ಮೇಲೆ ತನ್ನೆತ್ತರದ ಗಂಟು ಹೇರಿಕೊಂಡು ತಳ್ಳುತ್ತ ಬರುತ್ತಿದ್ದಳು, ಇಳಿಹೊತ್ತಿಗೆ ಹಾಗೇ ತಳ್ಳುತ್ತ ಹೋಗುತ್ತಿದ್ದಳು.

"ನೋಡಿ ಭಾವ, ಯಾರಪ್ಪನ ಜಾಗ ಅಂತ ಚಿಂದಿ ನೇತು ಹಾಕಿದಾಳೆ. ಜಾಗ ನೋಡೋಕೆ ಬಂದೋರು ಇದನ್ನ ನೋಡಿ ಮೂಗು ಮುಚ್ಕೋತಾರೆ."

"ಒಗೆದ ಬಟ್ಟೆ ಕಣಯ್ಯಾ, ಅದಕ್ಯಾಕೆ ಮೂಗು ಮುಚ್ಕೋಬೇಕು?"

"ಯಾರ್ಯಾರು ಮಲಗಿರ್ತಾರೋ, ಥೂ" ಎಂದು ಬಾಮೈದ ಕಾರಿನಿಂದಲೇ ಉಗಿದ. ಗಾಳಿ ಎದುರಿಗಿತ್ತು. ಎಂಜಲಿನ ಒಂದು ಹನಿ ಮೇಷ್ಟ್ರ ಕೆನ್ನೆಗೆ ಬಿತ್ತು. ಅವರು ಕರವಸ್ತ್ರ ತೆಗೆದು ಒರೆಸಿಕೊಂಡರು.

ಏನೂ ಅನ್ನದೆ ಇರುವುದನ್ನು ಆ ದಿನಗಳಲ್ಲಿ ಅವರು ಕಲಿತರು. ಬಾಮೈದ ಕರಿದದ್ದು ತಿಂದು ಕೈಯನ್ನು ಸೀಟಿನ ಅಡಿಗೆ ಒರೆಸುತ್ತಿದ್ದ. ಮೇಲೆ ಮಾತ್ರ ಬಿಳುಪು ಕೆಡಬಾರದು. ಚರಂಡಿ ಕೆಲಸದ ಹೆಂಗಸರ ಪಕ್ಕ ನಿಲ್ಲಿಸಿ ಇಂಜಿನ್ ಕಿರುಚಿಸುತ್ತಿದ್ದ. ಅವರು ಬಾಣಲೆ ಬಿಟ್ಟು ಕಿವಿ ಮುಚ್ಚಿಕೊಂಡರೆ ಹೊಟ್ಟೆ ಹಿಡಿದು ನಗುತ್ತಿದ್ದ. ಬೇರೆ ಶಿಷ್ಯನಾಗಿದ್ದರೆ ಮೇಷ್ಟ್ರು ಅಲ್ಲೇ ಇಳಿಸಿ ಮನೆಗೆ ನಡೆಸುತ್ತಿದ್ದರು. ಇಲ್ಲಿ "ಬೇಡ ಕಣಯ್ಯಾ" ಎನ್ನುತ್ತಿದ್ದರು, ಊಟಕ್ಕೆ ಕರೆದವರ ಮನೆಯಲ್ಲಿ ಇನ್ನೊಂದು ತುತ್ತು ಬೇಡ ಎನ್ನುವವರ ದನಿಯಲ್ಲಿ.

ಅವನದೇನೋ ಸರಿ. ತಮ್ಮದು? ಎರಡನೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಾಗ ಹೆಂಡತಿ "ಓಹೋ, ಮದುಮಗ!" ಎಂದು ನಕ್ಕಿದ್ದಳು. ಬಡಾವಣೆಯ ತನಕ ಕಾರನ್ನು ಓಡಿಸುತ್ತಿದ್ದವರು ಅವರೇ. ಸಿಗ್ನಲ್ಲಿನಲ್ಲಿ ಹಳೆಯ ಶಿಷ್ಯನೊಬ್ಬ ಸ್ಕೂಟರ್ ಮೇಲೆ ಕೂತು ಬಾಯಿ ತೆರೆದು ನೋಡಿದ. ಮೇಷ್ಟ್ರು ಕೈಯೆತ್ತಿ ಬೀಸಿದರು, ಮೆರವಣಿಗೆಯಲ್ಲಿ ಕೂತವರ ಹಾಗೆ. ಹಸಿರು ದೀಪ ಬಂದ ಕೂಡಲೇ ಬೇಕಿದ್ದಕ್ಕಿಂತ ಜೋರಾಗಿ ಒತ್ತಿದರು. ಆ ಸಂಜೆ ಮುಖ ತೊಳೆಯುವಾಗ ಅದು ನೆನಪಾಗಿ ಕನ್ನಡಿಯ ಮುಂದಿನಿಂದ ಸರಿದು ನಿಂತಿದ್ದರು. ಮರುದಿನ ಮತ್ತೆ ಇಸ್ತ್ರಿ ಅಂಗಿಯನ್ನೇ ಹಾಕಿಕೊಂಡರು.

ಅದು ನಡೆದದ್ದು ಕೆಲವು ದಿನಗಳ ಮೇಲೆ, ಮಧ್ಯಾಹ್ನಕ್ಕೆ ಮುಂಚೆ, ಬಿಸಿಲು ಚೆನ್ನಾಗಿದ್ದ ಹೊತ್ತಿನಲ್ಲಿ. ಬಾಮೈದ ಓಡಿಸುತ್ತಿದ್ದ. ಒಂದಿಷ್ಟು ಹಿಡಿತ ಬಂದಿತ್ತು, ಹಿಡಿತಕ್ಕಿಂತ ಹತ್ತರಷ್ಟು ಧೈರ್ಯ ಬಂದಿತ್ತು. ಮುಂದೆ ಆ ಹೆಂಗಸು ಅವತ್ತು ತಡವಾಗಿ ಗಂಟು ಹೇರಿಕೊಂಡು ಸೈಕಲ್ ತಳ್ಳುತ್ತ ಬರುತ್ತಿದ್ದಳು. ಗಂಟಿನ ಮರೆಯಲ್ಲಿ ಆಕೆಯ ಕಾಲುಗಳಷ್ಟೇ ಕಾಣುತ್ತಿದ್ದವು.

"ನೋಡ್ತಿರಿ ಭಾವ, ಹೇಗೆ ಹಾರ್ತಾಳೆ ಅಂತ. ಹತ್ರ ಹೋಗಿ ಗಕ್ಕಂತ ನಿಲ್ಲಿಸ್ತೀನಿ."

"ಬೇಡ ಕಣಯ್ಯಾ."

ಅದೇ ದನಿ. ಅದೇ ಇನ್ನೊಂದು ತುತ್ತು ಬೇಡ ಎನ್ನುವ ದನಿ.

ಕಾರು ಮುಂದಕ್ಕೆ ಚಿಮ್ಮಿತು. ಹತ್ತಿರ ಬಂದಾಗ ನಿಲ್ಲಿಸಲು ಬಾಮೈದ ಕಾಲು ಒತ್ತಿದ, ಒತ್ತಿದ್ದು ಬ್ರೇಕನ್ನಲ್ಲ. ಇಂಜಿನ್ ಅರಚಿತು. ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿತು. ಮೆತ್ತನೆಯ ಕಾರ್ಪೆಟ್ಟು. ಎರಡು ಸೀಟಿನ ನಡುವೆ ಅವರ ಕೈ ಹ್ಯಾಂಡ್‌ಬ್ರೇಕಿನ ಸರಳನ್ನು ಹುಡುಕಿತು. ಅಲ್ಲಿ ಸರಳಿರಲಿಲ್ಲ, ಉಗುರಿನಷ್ಟು ಗುಂಡಿಯೊಂದು ಎಲ್ಲೋ ಇತ್ತು. ಮೇಷ್ಟ್ರು ಸ್ಟಿಯರಿಂಗನ್ನು ಹಿಡಿದು ಎಳೆದರು. ಕಾರು ಗಂಟಿಗೆ ಹೊಡೆದು, ಆಕೆಯನ್ನು ಬೀಳಿಸಿ, ಮರಳಿನ ರಾಶಿಗೆ ಮೂಗು ತೂರಿ ನಿಂತಿತು. ಬಿಳಿ ಬಟ್ಟೆಗಳು ಒಂದೊಂದಾಗಿ ರಸ್ತೆಯ ಮೇಲೆ, ಕಾರಿನ ಮೇಲೆ ಬಿದ್ದವು.

ಬಾಮೈದ ಇಳಿದ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಂಪರನ್ನು ಅಂಗೈಯಿಂದ ಸವರಿದ. "ಅಯ್ಯೋ, ಗೀರಿ ಹೋಯ್ತಲ್ಲೋ!" ಎಂದ.

ಮೇಷ್ಟ್ರೂ ಇಳಿದರು. ಆಕೆ ಬೋರಲು ಬಿದ್ದು ನರಳುತ್ತಿದ್ದಳು. ಮೇಷ್ಟ್ರು ರಸ್ತೆಯ ಆ ತುದಿ ನೋಡಿದರು. ಈ ತುದಿ ನೋಡಿದರು. ಯಾರೂ ಇರಲಿಲ್ಲ. ಎದೆ ಒಂದಿಷ್ಟು ಹಗುರಾಯಿತು. ಹಗುರಾದದ್ದು ಗೊತ್ತಾಯಿತು. ಆಮೇಲೆ ಓಡಿದರು.

ಆಕೆಯ ಒಂದು ಕಾಲು ಮೊಣಕಾಲಿನ ಕೆಳಗೆ ಕಾಲಿನ ಹಾಗೆ ಇರಲಿಲ್ಲ. ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. "ಎತ್ತಿ ಹಿಡಿ, ಕಾರಿಗೆ ಹಾಕೋಣ" ಎಂದು ಕೂಗಿದರು.

"ಭಾವ, ಆಂಬುಲೆನ್ಸ್ ಕರೆಯೋಣ. ಸೀಟಿಗೆ ರಕ್ತ ಆದ್ರೆ ಹೋಗಲ್ಲ."

"ಎತ್ತಿ ಹಿಡಿಯೋ ಅಂದೆ!"

"ಸರಿ ಸರಿ, ಆ ಬಟ್ಟೆಯಾದ್ರೂ ಹಾಸಿ ಮೊದಲು."

ಮೇಷ್ಟ್ರು ಹಾಸಿದರು. ಬಿದ್ದಿದ್ದ ಬಟ್ಟೆಗಳನ್ನೇ ಆರಿಸಿ, ಒಂದರ ಮೇಲೊಂದು, ಅಂಚು ಎಳೆದು, ಸೀಟಿನ ಬಿಳುಪು ಎಲ್ಲೂ ಕಾಣದ ಹಾಗೆ ಹಾಸಿದರು. ಅಷ್ಟು ಹೊತ್ತೂ ಆಕೆ ನೆಲದ ಮೇಲೆ ನರಳುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ಆಕೆಯನ್ನು ಎತ್ತಿ ಮಲಗಿಸಿದರು. ಮೂರನೆಯವರಿಗೆ ಜಾಗವಿರಲಿಲ್ಲ, ಬಾಮೈದ ಅಲ್ಲೇ ಉಳಿದ. ಮೇಷ್ಟ್ರು ಆ ತೆರೆದ ಕಾರನ್ನು ಊರಿನ ನಡುವೆ ಹಾರ್ನ್ ಒತ್ತುತ್ತ, ಸಿಗ್ನಲ್ ದಾಟುತ್ತ ಆಸ್ಪತ್ರೆಗೆ ಓಡಿಸಿದರು. ಆಮೆ ಮೇಷ್ಟ್ರು ಹಾರುತ್ತಿರುವುದನ್ನು ಊರೆಲ್ಲ ನೋಡಿತು.

ಅದೇ ಬಾಮೈದನಿಗೆ ದಾರಿ ತೋರಿಸಿತು.

ಸಂಜೆ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. "ನೋಡಿ ಭಾವ, ನೀವೇ ಓಡಿಸ್ತಿದ್ರಿ ಅಂದುಬಿಡಿ. ಊರಿಗೆ ಊರೇ ನಿಮ್ಮನ್ನ ಅದರಲ್ಲಿ ನೋಡಿದೆ. ಲೈಸೆನ್ಸ್ ಇದೆ, ಅನುಭವ ಇದೆ, ಆಕೆ ಗಂಟಿನ ಮರೆಯಲ್ಲಿದ್ಲು, ಕಾಣ್ಲಿಲ್ಲ. ಆಕಸ್ಮಿಕ ಅಂತಾರೆ, ಕೆಲವು ದಿನ ಲೈಸೆನ್ಸ್ ಹಿಡ್ಕೋತಾರೆ, ಮುಗೀತು. ಅಷ್ಟರಲ್ಲಿ ನಾನು ನಿಮಗೆ ದೊಡ್ಡ ಸ್ಕೂಲು ಮಾಡಿಸ್ತೀನಿ, ಹೊಸ ಗಾಡಿ, ಏಸಿ ಕೋಣೆ. ಇಲ್ಲ, ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ ಅಂದ್ರೆ? ನಾನು ಲೈಸೆನ್ಸ್ ಇಲ್ದೆ ಓಡಿಸ್ದೆ ಅಂತ ಒಳಗೆ ಹೋಗ್ತೀನಿ. ಎರಡನೇ ಬ್ರೇಕಿಲ್ಲದ ಗಾಡಿಯಲ್ಲಿ ಕಲಿಸಿದ್ರು ಅಂತ ನಿಮ್ಮ ಸ್ಕೂಲಿಗೆ ಜನ್ಮಕ್ಕೂ ಬೀಗ ಹಾಕ್ತಾರೆ. ಇಬ್ರೂ ಮುಳುಗೋದು ಯಾವ ಪುರುಷಾರ್ಥಕ್ಕೆ?"

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದೇ ಅಸಹ್ಯವಾಗಿತ್ತು. ಸುಳ್ಳು ಹೇಳಿದರೆ ಮೇಷ್ಟ್ರಿಗೆ ಎಲ್ಲ ಉಳಿಯುತ್ತಿತ್ತು, ಇನ್ನೂ ಒಂದಿಷ್ಟು ಸಿಗುತ್ತಿತ್ತು.

"ಆಕೆ ಹೇಗಿದಾಳೆ ಅಂತ ಕೇಳ್ಲೇ ಇಲ್ವಲ್ಲಯ್ಯಾ ನೀನು?" ಎಂದರು.

"ಅದಕ್ಕೇ ಅಲ್ವಾ ಹಣ್ಣು ತಂದಿರೋದು. ನಾಳೆ ನೀವೇ ತಗೊಂಡು ಹೋಗಿ. ನೀವು ಓಡಿಸ್ತಿದ್ರಿ ಅಂತ ಆಕೆಗೂ ಒಂದು ಮಾತು ಹೇಳಿ ಒಪ್ಪಿಸಿ. ಪೊಲೀಸಿನವ್ರಿಗೆ ನಾನಾಗ್ಲೇ ಫೋನಲ್ಲಿ ಹೇಳಿದೀನಿ, ನೀವು ಹೋಗಿ ಹೂಂ ಅಂದ್ರೆ ಸಾಕು."

ಅವನು ಹೋದ ಮೇಲೆ ಹೆಂಡತಿ ಮೇಷ್ಟ್ರ ಎದುರಿಗೆ ಬಂದು ನಿಂತಳು. "ಅವನಿಗೆ ಚಿಕ್ಕ ಮಕ್ಕಳಿದಾರೆ" ಎಂದಳು. ಕಣ್ಣು ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಹಣ್ಣಿನ ಬುಟ್ಟಿ ಹಿಡಿದು ಮೂಳೆ ವಾರ್ಡಿಗೆ ಹೋದರು. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿದ ಬುಟ್ಟಿ, ಹುಟ್ಟುಹಬ್ಬಕ್ಕೆ ಹೋಗುವವರು ಒಯ್ಯುವಂಥದ್ದು. ಉದ್ದದ ಕೋಣೆಯಲ್ಲಿ ಔಷಧಿಯ, ಬೆವರಿನ, ನೆಲ ಒರೆಸಿದ ನೀರಿನ ವಾಸನೆ. ಆಕೆಯ ಕಾಲಿಗೆ ತೊಡೆಯ ತನಕ ಪಟ್ಟಿ ಹಾಕಿ ಎತ್ತಿ ಕಟ್ಟಿದ್ದರು. ಒಗೆದು ಒಗೆದು ಸುಕ್ಕಾಗಿದ್ದ ಬೆರಳುಗಳು ಹೊದಿಕೆಯ ಮೇಲಿದ್ದವು. ಅವರನ್ನು ಕಂಡ ಕೂಡಲೇ ಆಕೆಯ ಮುಖ ಅರಳಿತು.

"ಬನ್ನಿ ಅಣ್ಣಾ. ನೀವೇ ಅಲ್ವಾ ನನ್ನ ತಲೆ ಎತ್ತಿ ಹಿಡಿದಿದ್ದು? ಮುಖ ನೆಲಕ್ಕಿತ್ತು, ಏನೂ ಕಾಣ್ಲಿಲ್ಲ, ನೋವಲ್ಲಿ ಯಾರ ಮಾತೂ ಕೇಳಿಸ್ಲಿಲ್ಲ. ಯಾವನೋ ಗುದ್ದಿದ, ನೀವು ದೇವರ ಹಾಗೆ ಬಂದ್ರಿ. ಆ ಕಾರಲ್ಲಿ ಮಲಗಿದ್ದಾಗ ಬರೀ ಆಕಾಶ ಕಾಣ್ತಿತ್ತು, ಸತ್ತೇಹೋದ್ನೇನೋ ಅಂದ್ಕೊಂಡೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಣ್ಣಾ."

ಮೇಷ್ಟ್ರಿಗೆ ತಮ್ಮ ಮೇಲೇ ಹೇಸಿಗೆ ಬಂತು. ಬಾಮೈದನ ಎಂಜಲು ಕೆನ್ನೆಗೆ ಬಿದ್ದಾಗಲೂ ಹೀಗಾಗಿರಲಿಲ್ಲ. ಬುಟ್ಟಿಯನ್ನು ನೆಲಕ್ಕಿಟ್ಟರು.

"ನೋಡಮ್ಮಾ, ಗುದ್ದಿದೋನು ನನ್ನ ಹೆಂಡತಿಯ ತಮ್ಮ. ಅವನಿಗೆ ಓಡಿಸೋಕೆ ಬರಲ್ಲ. ನಿನ್ನನ್ನ ಹೆದರಿಸಿ ನಗೋಣ ಅಂತ ಹತ್ರ ತಂದ. ನಾನು ಪಕ್ಕದಲ್ಲಿ ಕೂತು ಕಲಿಸ್ತಿದ್ದೆ."

ಆಕೆಯ ಬೆರಳುಗಳು ಹೊದಿಕೆಯ ಅಂಚನ್ನು ಮಡಿಸಿದವು. ಇನ್ನೂ ಏನನ್ನೋ ಉಳಿಸಿಕೊಳ್ಳಲು ನೋಡುವವಳ ಹಾಗೆ, "ಆದ್ರೂ ಎತ್ಕೊಂಡು ಬಂದಿದ್ದು ನೀವಲ್ವಾ ಅಣ್ಣಾ" ಎಂದಳು.

"ಎತ್ಕೊಳ್ಳೋ ಮುಂಚೆ ರಸ್ತೆ ಆ ಕಡೆ ಈ ಕಡೆ ನೋಡಿದೆ. ಯಾರಾದ್ರೂ ಕಂಡ್ರಾ ಅಂತ. ಯಾರೂ ಇಲ್ಲ ಅಂತ ಗೊತ್ತಾದಾಗ ಸಮಾಧಾನ ಆಯ್ತು. ನೀನು ನರಳ್ತಿದ್ದೆ. ಆಮೇಲೆ ಸೀಟಿಗೆ ಕಲೆ ಆಗ್ಬಾರ್ದು ಅಂತ ನಿನ್ನ ಬಟ್ಟೆಗಳನ್ನೇ ಹಾಸಿದೆ. ಆಗ್ಲೂ ನೀನು ನರಳ್ತಿದ್ದೆ."

ಪಕ್ಕದ ಮಂಚದವರು ಕೆಮ್ಮಿದರು. ಎಲ್ಲೋ ಒಂದು ತಟ್ಟೆ ಬಿತ್ತು.

"ಇದನ್ನೆಲ್ಲ ನಂಗ್ಯಾಕೆ ಹೇಳ್ತಿದೀರಿ?" ಎಂದಳು ಆಕೆ.

"ಮನಸ್ಸು ತಡೀಲಿಲ್ಲಮ್ಮಾ."

ಆಕೆ ಮುಖವನ್ನು ಗೋಡೆಯ ಕಡೆ ಅರ್ಧ ತಿರುಗಿಸಿದಳು. ದನಿ ಏರಲಿಲ್ಲ. "ಲಾಡ್ಜಲ್ಲಿ ಮಲಗೋರು ಏನೇನು ಮಾಡಿಟ್ಟು ಹೋಗ್ತಾರೆ ಗೊತ್ತಾ? ಕುಡಿದು ಕಕ್ಕಿರ್ತಾರೆ, ಇನ್ನೂ ಏನೇನೋ. ಅವರ ಮುಖ ನಾನು ಕಂಡಿಲ್ಲ, ಹೊಲಸು ಮಾತ್ರ ಕಂಡಿದೀನಿ. ಈಗ ಕಾಲು ಮುರ್ಕೊಂಡು ಮಲಗಿದ್ರೂ ಒಬ್ರು ಹುಡುಕ್ಕೊಂಡು ಬಂದಿದೀರಿ, ನಂದೂ ಇಷ್ಟಿದೆ, ಒಗೆದು ಕೊಡು ಅಂತ. ನನ್ನ ಕೈಯಲ್ಲಿ ಆಗಲ್ಲ ಸ್ವಾಮಿ. ಎಲ್ಲಿ ಹೇಳ್ಬೇಕೋ ಅಲ್ಲಿ ಹೋಗಿ ಹೇಳಿ. ಆ ಬುಟ್ಟಿ ತಗೊಂಡ್ಹೋಗಿ."

ಮೇಷ್ಟ್ರು ಬುಟ್ಟಿ ಎತ್ತಿಕೊಂಡರು. ಕ್ಷಮಿಸು ಎಂಬ ಮಾತು ತುಟಿಯ ತನಕ ಬಂದಿತ್ತು. ಅದೂ ಆಕೆಯ ಹತ್ತಿರ ಏನನ್ನೋ ಕೇಳುವ ಮಾತೇ ಎಂದು ಹೊಳೆದು ನುಂಗಿಕೊಂಡರು. ಬುಟ್ಟಿಯನ್ನು ವಾರ್ಡಿನ ಬಾಗಿಲಲ್ಲಿ ಕೂತಿದ್ದ ಆಯಾಗೆ ಕೊಟ್ಟರು.

ಪೊಲೀಸ್ ಠಾಣೆಯಲ್ಲಿ ಮೇಜಿನ ಹಿಂದಿದ್ದ ಕಾನ್‌ಸ್ಟೆಬಲ್ ಅವರನ್ನು ಕಂಡು ಎದ್ದು ನಿಂತ. ಅವರ ಹತ್ತಿರವೇ ಕಲಿತವನು. "ಬನ್ನಿ ಮೇಷ್ಟ್ರೇ, ಬನ್ನಿ" ಎಂದು ಕುರ್ಚಿಯ ಧೂಳನ್ನು ಕೈಯಿಂದ ಹೊಡೆದು ಕೊಟ್ಟ. "ನಿಮ್ಮ ಬಾಮೈದ ಎಲ್ಲ ಹೇಳಿದಾರೆ. ಆಗೋದು ಯಾರ ಕೈಯಲ್ಲಿದೆ? ಇಷ್ಟು ವರ್ಷದಲ್ಲಿ ನಿಮ್ಮ ಗಾಡಿ ಒಂದು ಕೋಳಿಗೂ ತಾಗಿಲ್ಲ. ನಾನೇ ನೀಟಾಗಿ ಬರೀತೀನಿ, ನೀವು ಚಿಂತೆ ಮಾಡ್ಬೇಡಿ."

"ಓಡಿಸ್ತಿದ್ದೋನು ನನ್ನ ಬಾಮೈದ" ಎಂದರು ಮೇಷ್ಟ್ರು.

"ಹಾಂ?"

"ಲೈಸೆನ್ಸ್ ಇಲ್ಲ. ನಾನು ಕಲಿಸ್ತಿದ್ದೆ."

ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟ. "ಎರಡು ಬ್ರೇಕಿನ ಗಾಡಿಯೇನು?"

"ಅಲ್ಲ."

"ಮೇಷ್ಟ್ರೇ, ನೀವಾ?" ಎಂದ ಅವನು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಹೀಗೆ ಬರೆದ್ರೆ ನಿಮ್ಮ ಸ್ಕೂಲು ಉಳಿಯಲ್ಲ. ಇನ್ನೊಂದು ಸಲ ಯೋಚನೆ ಮಾಡಿ. ನಾನು ಕೇಳಿಸ್ಕೊಂಡೇ ಇಲ್ಲ ಅಂದ್ಕೋತೀನಿ."

"ಬರಿ. ಹೆದರಿಸೋಕೆ ಅಂತ್ಲೇ ಹತ್ರ ತಂದ, ಅದನ್ನೂ ಬರಿ. ನಾನು ಗಟ್ಟಿಯಾಗಿ ಬೇಡ ಅನ್ಲಿಲ್ಲ, ಅದನ್ನೂ ಬರಿ."

ಅವನು ಬರೆದ. ಬರೆಯುತ್ತಾ ಬರೆಯುತ್ತಾ ಅವನ ಮುಖ ಮೆಲ್ಲಗೆ ಕಿವುಚಿಕೊಂಡಿತು. ಮೇಷ್ಟ್ರಿಗೆ ಅದು ಚೆನ್ನಾಗಿ ಪರಿಚಯವಿತ್ತು; ಇಷ್ಟು ವರ್ಷ ಆ ಹೇಸಿಗೆ ಅವರದೇ ಮುಖದ ಮೇಲೆ ಇರುತ್ತಿತ್ತು. ಬರೆದದ್ದನ್ನು ಅವರ ಕಡೆ ತಳ್ಳಿ, ಕಣ್ಣೆತ್ತದೆ, "ಇಲ್ಲಿ ಸಹಿ ಹಾಕಿ. ಇನ್‌ಸ್ಪೆಕ್ಟರ್ ಬರೋ ತನಕ ಹೊರಗಡೆ ಬೆಂಚಿನ ಮೇಲೆ ಕೂತಿರಿ" ಎಂದ.

ಬೆಂಚಿನ ಮೇಲೆ ಆಗಲೇ ಇಬ್ಬರಿದ್ದರು, ಮೊಬೈಲ್ ಕಳೆದುಕೊಂಡವರು. ಸರಿದು ಜಾಗ ಮಾಡಿಕೊಟ್ಟರು. ಅಷ್ಟರಲ್ಲಿ ಫೋನು ಬಂತು. ಹೆಂಡತಿ.

"ಏನು ಹೇಳಿದ್ರಿ?"

"ಇದ್ದಿದ್ದು."

ಆ ಕಡೆ ಬಾಮೈದನ ದನಿ ಹಿಂದೆ ಕೇಳುತ್ತಿತ್ತು, ಯಾರ್ಯಾರಿಗೋ ಏನೇನೋ ಬೈಯುತ್ತಿತ್ತು; ಠಾಣೆಯಿಂದ ಸುದ್ದಿ ಆಗಲೇ ಮುಟ್ಟಿರಬೇಕು. ಒಂದು ಬಾಗಿಲು ಮುಚ್ಚಿದ ಸದ್ದಾಯಿತು, ಬೈಗುಳ ದೂರವಾಯಿತು. ಹೆಂಡತಿ ಬೇರೆ ಕೋಣೆಗೆ ಬಂದಿರಬೇಕು. ಆಕೆಯ ಉಸಿರು ಕೇಳಿಸಿತು.

"ಊಟಕ್ಕೆ ಬರ್ತೀರಾ?"

"ಬಿಟ್ರೆ ಬರ್ತೀನಿ. ಬಡಿಸ್ತೀಯಾ?"

"ಬಡಿಸ್ತೀನಿ. ಮಾತಾಡಲ್ಲ."

"ಸಾಕು" ಎಂದರು ಮೇಷ್ಟ್ರು.